ಸೊಸೆಯ ಪಾತ್ರಕ್ಕೆ ಕಣಿವೆಯವರೇ ಬೇಕು

ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಮೇಷ್ಟ್ರಿಗೆ ತಮ್ಮ ತಾಯಿಯ ದನಿ ನೆನಪಾಗಲಿಲ್ಲ. ನೆನಪು ಮಾಡಿಕೊಳ್ಳಬೇಕೆಂದು ಹೊರಟಿದ್ದೇನೂ ಅಲ್ಲ. ಕೆಳಗಿನ ಮನೆಯಲ್ಲಿ ಯಾರೋ ಮಗುವನ್ನು ಕೂಗಿದರು; ಆ ಕೂಗಿನ ಹಿಂದೆಯೇ ಇನ್ನೊಂದು ಹಳೆಯ ಕೂಗು ಬರಬೇಕಾಗಿತ್ತು, ದಿನವೂ ಬರುತ್ತಿತ್ತು, ಇವತ್ತು ಬರಲಿಲ್ಲ. ರೇಜರು ಕೆನ್ನೆಯ ಮೇಲೆ ನಿಂತಿತು. ಕಣ್ಣು ಮುಚ್ಚಿ ಹುಡುಕಿದರು. ತಾಯಿಯ ಮುಖವಿತ್ತು, ತುಟಿಗಳೂ ಅಲ್ಲಾಡುತ್ತಿದ್ದವು, ಆದರೆ ಅವುಗಳಿಂದ ಹೊರಟದ್ದು ಹದಿನೈದು ವರ್ಷದ ಕೆಳಗೆ ಸೊಸೆಯ ಪಾತ್ರ ಮಾಡುತ್ತಿದ್ದ ದಪ್ಪ ನಟಿಯ ದನಿ. ಮೇಷ್ಟ್ರೇ ತಿದ್ದಿ ತೀಡಿ ಕಲಿಸಿದ ದನಿ ಅದು. ಪ್ರತಿ ಮಾತಿನ ಕೊನೆಯನ್ನು ಮೂಗಿನಿಂದ ಎಳೆದು, ಜನ ನಗಲಿ ಎಂದು ಅರೆಕ್ಷಣ ಕಾದು, ನಕ್ಕ ಮೇಲೆ ಮುಂದಿನ ಮಾತಿಗೆ ಹೋಗುವ ದನಿ. ಕಣ್ಣು ತೆರೆದರೆ ಕನ್ನಡಿಯಲ್ಲಿ ಅರ್ಧ ನೊರೆ ಮೆತ್ತಿದ ಮುಖವೊಂದು ಇವರನ್ನೇ ನೋಡುತ್ತಿತ್ತು. ಗಲ್ಲದ ಕೆಳಗೆ ಗೀರಿ ರಕ್ತ ಬಂದಿತ್ತು. ಅದರ ಮೇಲೆ ಕಾಗದದ ಚೂರೊಂದನ್ನು ಅಂಟಿಸಿಕೊಂಡರು.

ಮೇಷ್ಟ್ರು ಎಂದರೆ ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಊರಿನ ದೊಡ್ಡ ಸಂಗೀತ ನಾಟಕದ ಕಂಪನಿಯಲ್ಲಿ ನಟರ ಮಾತು ತಿದ್ದುವವರು. ರಾಜನಿಗೆ ರಾಜನ ಮಾತು, ಕುಡುಕನಿಗೆ ಕುಡುಕನ ಮಾತು, ಎಲ್ಲಕ್ಕಿಂತ ಹೆಚ್ಚಾಗಿ ‘ಸೊಸೆ’ ನಾಟಕದ ಸೊಸೆಗೆ ಕಣಿವೆಯ ಮಾತು ಕಲಿಸುವುದು ಅವರ ಕೆಲಸ. ಬೆಟ್ಟದಾಚೆಯ ಕಣಿವೆಯ ಹುಡುಗಿಯೊಬ್ಬಳು ಊರಿನ ದೊಡ್ಡ ಮನೆಗೆ ಸೊಸೆಯಾಗಿ ಬಂದು, ಬಾಯಿ ಬಿಟ್ಟಾಗಲೆಲ್ಲ ನಗೆಗೀಡಾಗಿ, ಕಡೆಗೆ ಆ ಮನೆಯನ್ನೇ ಗೆಲ್ಲುವ ಕತೆ. ಕಣಿವೆಯವರು ಆಡುವುದೂ ಇದೇ ಭಾಷೆಯೇ, ಏರಿಳಿತ ಮಾತ್ರ ಬೇರೆ. ಹೂಂ ಅನ್ನಬೇಕಾದಲ್ಲಿ ಉಸಿರನ್ನು ಸಣ್ಣಗೆ ಒಳಗೆಳೆದುಕೊಳ್ಳುತ್ತಾರೆ, ಅಷ್ಟೇ ಅವರ ಒಪ್ಪಿಗೆ. ಊರಿನಲ್ಲಿ ಅವರಿಲ್ಲದ ಬೀದಿಯಿಲ್ಲ. ಹೊರೆ ಹೊರುವಲ್ಲಿ, ಪಾತ್ರೆ ತೊಳೆಯುವಲ್ಲಿ, ಬಾಗಿಲು ಕಾಯುವಲ್ಲಿ ಎಲ್ಲ ಅವರೇ. ರಂಗದ ಮೇಲೆ ಮಾತ್ರ ಇಲ್ಲ. ಅಲ್ಲಿ ಊರಿನ ಹುಡುಗಿಯರೇ ಮುಚ್ಚಳದ ಮೇಲೆ ‘ಕಣಿವೆ’ ಎಂದು ಬರೆದ ಡಬ್ಬಿಯಿಂದ ಮುಖಕ್ಕೆ ಬಣ್ಣ ಬಳಿದುಕೊಂಡು ಕಣಿವೆಯವರಾಗುತ್ತಿದ್ದರು. ಆ ಡಬ್ಬಿಯಲ್ಲಿದ್ದ ಬಣ್ಣ ಕಣಿವೆಯಲ್ಲಿ ಯಾರ ಮುಖದ ಮೇಲೂ ಇರಲಿಲ್ಲ ಎಂಬುದು ಇಡೀ ಕಂಪನಿಯಲ್ಲಿ ಗೊತ್ತಿದ್ದದ್ದು ಮೇಷ್ಟ್ರಿಗೊಬ್ಬರಿಗೇ. ಏಕೆಂದರೆ ಅವರು ಹುಟ್ಟಿದ್ದು ಅಲ್ಲಿ.

ಇದು ಹೆಂಡತಿಗೆ ಗೊತ್ತಿರಲಿಲ್ಲ. ಗೊತ್ತಾಗದೆಯೇ ಮೂರು ವರ್ಷದ ಕೆಳಗೆ ತೀರಿಕೊಂಡಳು. ಮಗಳಿಗೆ ಗೊತ್ತಿಲ್ಲ. ಇಷ್ಟು ಚೆನ್ನಾಗಿ ಆ ಮಾತು ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ, “ಚಿಕ್ಕಂದಿನಲ್ಲಿ ನಮ್ಮನೇಲಿ ಕಣಿವೆಯ ಕೆಲಸದವಳೊಬ್ಬಳಿದ್ದಳು, ಅವಳ ಬಾಯಿ ನೋಡ್ಕೊಂಡು ಕಲಿತೆ” ಎನ್ನುತ್ತಿದ್ದರು. ಮೊದಲ ಸಲ ಹಾಗೆ ಹೇಳಿದಾಗ ನಾಲಿಗೆ ಒಣಗಿತ್ತು. ಆಮೇಲೆ ಆ ಕೆಲಸದವಳಿಗೆ ಒಂದು ಹರಿದ ಸೀರೆ, ಒಂದು ಕುಂಟು, ಬೆಲ್ಲ ಕದಿಯುವ ಚಾಳಿ ಎಲ್ಲ ಒಂದೊಂದಾಗಿ ಸೇರಿಕೊಂಡವು. ಈಗ ತಾಯಿಯನ್ನು ನೆನೆದರೆ ಆ ಕುಂಟು ಹೆಜ್ಜೆಯೂ ಜೊತೆಗೆ ಬರುತ್ತದೆ. ತಾಯಿ ಕುಂಟುತ್ತಿರಲಿಲ್ಲ. ಕುಂಟುತ್ತಿರಲಿಲ್ಲ ಎಂದು ಮೇಷ್ಟ್ರು ಆಣೆಯಿಟ್ಟು ಹೇಳಬಲ್ಲರು, ಆದರೂ ಬರುತ್ತದೆ. ಹಜಾರದ ಗೋಡೆಯಲ್ಲಿ ಅವರ ತಾಯಿಯದೆಂದು ತೂಗುಹಾಕಿದ್ದ ಫೋಟೋ ಹಳೆಯ ನಾಟಕವೊಂದರಲ್ಲಿ ಅತ್ತೆಯ ಪಾತ್ರ ಮಾಡಿದ್ದ ಯಾರೋ ನಟಿಯದು. ಮದುವೆಯಾದ ಹೊಸತರಲ್ಲಿ, ಅತ್ತೆಯ ಮುಖ ಹೇಗಿತ್ತು ಎಂದು ಹೆಂಡತಿ ಪೀಡಿಸಿದ್ದಕ್ಕೆ ಕಂಪನಿಯ ಪೆಟ್ಟಿಗೆಯಿಂದ ತಂದದ್ದು. ಮಗಳು ಇವತ್ತೂ ಅದರ ಮುಂದೆ ನಿಂತು ಕೈಮುಗಿದಳು. ಆ ನಟಿ, ಹೆಸರೂ ನೆನಪಿಲ್ಲದವಳು, ಗಾಜಿನ ಹಿಂದಿನಿಂದ ಮೊಮ್ಮಗಳನ್ನು ನೋಡುವ ಹಾಗೆಯೇ ಅವಳನ್ನು ನೋಡಿದಳು.

“ಅಪ್ಪಾ, ಆಯ್ತಾ? ಹನ್ನೊಂದಕ್ಕೆಲ್ಲ ಶುರು ಮಾಡ್ತಾರಂತೆ.”

“ಬಂದೆ ಪುಟ್ಟಿ.”

“ನಿರ್ದೇಶಕಿ ಮೇಡಂಗೆ ಹೇಳ್ತೀರಲ್ವಾ? ಯಾರೂ ಸರಿಹೋಗಲಿಲ್ಲ ಅಂತ ನೀವು ಎರಡು ಸಾಲು ಬರೆದು ಕೊಟ್ಟರೆ ಸಾಕಂತೆ. ಆಗ ಯಾರು ಬೇಕಾದ್ರೂ ಮಾಡಬಹುದಂತೆ. ನೀವೇನೂ ನನ್ನ ಹೆಸರು ಹೇಳೋದು ಬೇಡಪ್ಪ. ಸುಮ್ಮನೆ ನಿಜ ಬರೀರಿ ಸಾಕು.”

ಸುಮ್ಮನೆ ನಿಜ ಬರೆಯಿರಿ. ಬೀದಿಯುದ್ದಕ್ಕೂ ಆ ಮಾತು ಚಪ್ಪಲಿಯಲ್ಲಿ ಸಿಕ್ಕ ಕಲ್ಲಿನಂತೆ ಕಾಲಿಗೆ ಒತ್ತುತ್ತಿತ್ತು. ಮಗಳು ಮುಂದೆ ನಡೆಯುತ್ತಿದ್ದಳು; ಇಪ್ಪತ್ತನಾಲ್ಕು ವಯಸ್ಸು, ಆರು ವರ್ಷದಿಂದ ಮೇಳದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡಿದವಳು, ಈ ಸಲ ಸೊಸೆಯ ಪಾತ್ರ ನಿನಗೇ ಎಂದು ಹೋದ ವರ್ಷವೇ ಬಾಯಿಮಾತಿನಲ್ಲಿ ಕೊಟ್ಟಿದ್ದರು. ಅಷ್ಟರಲ್ಲಿ ಒಂದು ಕಾಗದ ಬಂತು. ನಾಟಕ ಬರೆದವನು ತೀರಿಕೊಂಡ ಮೇಲೆ ಅವನ ಹೆಂಡತಿ ಪೆಟ್ಟಿಗೆ ತೆಗೆದು ನೋಡಿದಾಗ ಮೊದಲ ಹಸ್ತಪ್ರತಿ ಸಿಕ್ಕಿತಂತೆ. ಅದರ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿತ್ತಂತೆ: ಸೊಸೆಯ ಪಾತ್ರವನ್ನು ಕಣಿವೆಯವರೇ ಮಾಡತಕ್ಕದ್ದು, ಬೇರೆಯವರು ಬಣ್ಣ ಹಚ್ಚಿಕೊಂಡು ಮಾಡಕೂಡದು. ಗಂಡನ ಆಸೆ ನಡೆಯದಿದ್ದರೆ ನಾಟಕ ಆಡುವುದೇ ಬೇಡ ಎಂದು ಆಕೆ ಬರೆದಿದ್ದರು. ಎಷ್ಟು ಹುಡುಕಿದರೂ ಸಿಗದಿದ್ದರೆ ಮಾತು ಬಲ್ಲವರೊಬ್ಬರು ಹಾಗೆಂದು ಬರೆದುಕೊಡಲಿ, ಆಗ ನೋಡೋಣ ಎಂದೂ ಸೇರಿಸಿದ್ದರು. ಕಂಪನಿಯಲ್ಲಿ ಮಾತು ಬಲ್ಲವರು ಎಂದರೆ ಮೇಷ್ಟ್ರು. ನಿರ್ದೇಶಕಿ ತಲೆ ಕೆರೆದುಕೊಂಡು, “ನಮ್ಮ ಪ್ರತೀಲಿ ಆ ಸಾಲೇ ಇಲ್ವಲ್ಲ ಮೇಷ್ಟ್ರೇ, ಅದು ಹೇಗೆ ಬಿಟ್ಟುಹೋಯ್ತು?” ಎಂದಾಗ, “ಹಳೇ ಕಾಲದ್ದು ಮೇಡಂ, ಕೈಬರಹ” ಎಂದಿದ್ದರು. ಆ ಕೈ ಯಾರದೆಂದು ಆಕೆ ಕೇಳಲಿಲ್ಲ. ಇಪ್ಪತ್ತೆರಡು ವಯಸ್ಸಿನ ಮೇಷ್ಟ್ರದೇ ಕೈ. ಪ್ರತಿ ಮಾಡುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಕೆಂಪು ಸಾಲಿನ ಹತ್ತಿರ ಬಂದಾಗ ಲೇಖನಿ ನಿಂತಿತು. ಕಣಿವೆಯವಳೊಬ್ಬಳು ಈ ಬಾಗಿಲೊಳಗೆ ಕಾಲಿಟ್ಟರೆ ಒಂದೇ ನೋಟಕ್ಕೆ ತನ್ನನ್ನು ಗುರುತು ಹಿಡಿಯುತ್ತಾಳೆ ಎಂದು ಹೆದರಿದರು. ಆ ಸಾಲನ್ನೇ ಬಿಟ್ಟು ಮುಂದಿನದನ್ನು ಬರೆದರು. ನಾಟಕಕಾರ ದೂರದ ಊರಿನಿಂದ ಎರಡು ಸಲ ಕಾಗದ ಹಾಕಿ ವಿಚಾರಿಸಿದ್ದ. ಕಾಗದಗಳಿಗೆ ಉತ್ತರ ಬರೆಯುವ ಕೆಲಸವೂ ಆಗ ಅವರದೇ. ಕಣಿವೆಯವರು ಯಾರೂ ಮುಂದೆ ಬರುತ್ತಿಲ್ಲ ಎಂದು ಎರಡು ಸಲವೂ ಸುಂದರವಾದ ಅಕ್ಷರದಲ್ಲಿ ಬರೆದು ಕಳಿಸಿದರು.

ಕಂಪನಿಯ ತಾಲೀಮಿನ ಹಜಾರ ಮೊದಲು ನೂಲಿನ ಗೋದಾಮಾಗಿತ್ತು. ಎತ್ತರದ ಕಿಟಕಿಗಳಿಂದ ಬೆಳಕು ನೆಲ ಮುಟ್ಟುವಷ್ಟರಲ್ಲಿ ಬಡವಾಗುತ್ತಿತ್ತು. ಗೋಡೆಗೆ ಒರಗಿಸಿದ ಮರದ ಕುರ್ಚಿಗಳು, ಒಂದು ಪಿಯಾನೋ, ಅದರ ಮುಂದೆ ಇಪ್ಪತ್ತು ವರ್ಷದಿಂದ ಅದೇ ಭಂಗಿಯಲ್ಲಿ ಕೂತ ಪಿಯಾನೋದವನು. ನಿರ್ದೇಶಕಿ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಕಣಿವೆಯವರೆಂದು ಹೇಳಿಕೊಂಡು ಪಾತ್ರ ಕೇಳಲು ಏಳು ಜನ ಬಂದಿದ್ದರು. ಮೊದಲನೆಯವಳು ಬಾಯಿ ತೆರೆದಾಗ ಮೇಷ್ಟ್ರು ನಿರಾಳವಾಗಿ ಕಾಲು ಚಾಚಿದರು. ಊರಿನವಳೇ, ಸುಳ್ಳು ಹೇಳಿ ಬಂದಿದ್ದಾಳೆ. ಎರಡನೆಯವಳೂ ಹಾಗೆಯೇ. ಮೂರನೆಯವಳು ಮುಖಕ್ಕೆ ತೆಳುವಾಗಿ ಬಣ್ಣವನ್ನೂ ಹಚ್ಚಿಕೊಂಡು ಬಂದಿದ್ದಳು, ಕತ್ತಿನ ಹತ್ತಿರ ಗೆರೆ ಕಾಣುತ್ತಿತ್ತು. ನಾಲ್ಕನೆಯವಳು ಬರುವಷ್ಟರಲ್ಲಿ ಮೇಷ್ಟ್ರಿಗೆ ಮೈ ಬೆವರತೊಡಗಿತು. ಅವರೆಲ್ಲ ಎಳೆಯುತ್ತಿದ್ದುದು ಒಂದೇ ಎಳೆತ, ಕಾಯುತ್ತಿದ್ದುದು ಒಂದೇ ಅರೆಕ್ಷಣ. ಚಿಕ್ಕವರಿದ್ದಾಗಿನಿಂದ ನಾಟಕ ನೋಡಿ ನೋಡಿ ಕಲಿತದ್ದು. ಒಬ್ಬಳಾದ ಮೇಲೆ ಒಬ್ಬಳು ಎದ್ದು ಬಂದು ಅವರೆದುರು ನಿಂತು ಅವರದೇ ದನಿಯನ್ನು ಅವರಿಗೆ ಒಪ್ಪಿಸಿ ಹೋಗುತ್ತಿದ್ದಳು. ಆರು ಬಾಯಿ, ಒಂದೇ ದನಿ. ಐದನೆಯವಳು ನಿಜಕ್ಕೂ ಕಣಿವೆಯವಳಿರಬಹುದು, ಸೊಂಟದ ಮೇಲೆ ಕೈಯಿಟ್ಟ ರೀತಿ ಹಾಗಿತ್ತು, ಆದರೆ ಅವಳೂ ಮೂಗಿನಿಂದಲೇ ಎಳೆದಳು. ಪಾತ್ರ ಬೇಕಾದರೆ ಹೀಗೆ ಮಾತಾಡಬೇಕು ಎಂದು ಅವಳೂ ತಿಳಿದಿದ್ದಳು. ಮೇಷ್ಟ್ರು ಆರೂ ಜನರ ಹೆಸರಿನ ಮುಂದೆ ಒಂದು ಅಡ್ಡಗೆರೆ ಎಳೆದರು.

ಏಳನೆಯವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಪಾಳಿಯ ನಡುವೆ ಬಂದಿದ್ದಳು. ಬಿಸಿನೀರಿಗೆ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಯಾವ ಹಾಡು ಎಂದು ಕೇಳಿದ್ದಕ್ಕೆ ‘ನೀರು ಕಾದಿದೆ ಏಳು’ ಎಂದಳು. ಹಜಾರದಲ್ಲಿದ್ದವರೆಲ್ಲ ಮುಗುಳ್ನಕ್ಕರು. ನಾಟಕದಲ್ಲಿ ಅದು ಎಲ್ಲಕ್ಕಿಂತ ಹೆಚ್ಚು ನಗಿಸುವ ಹಾಡು: ಸೊಸೆ ಮಲಗಿರುವ ಸೋಮಾರಿ ಗಂಡನನ್ನು ಎಬ್ಬಿಸುತ್ತಾಳೆ, ಒಂದೊಂದು ‘ಏಳು’ವಿಗೂ ಸೌಟಿನಿಂದ ಒಂದೊಂದು ಏಟು, ನಾಲ್ಕನೇ ಏಟಿಗೆ ಇಡೀ ಪ್ರೇಕ್ಷಕರೇ ‘ಏಳು!’ ಎಂದು ಕೂಗುತ್ತಾರೆ. ಪಿಯಾನೋದವನು ಕುಣಿಯುವ ತಾಳ ಎತ್ತಿಕೊಂಡ. ಹುಡುಗಿ ಅವನ ಕಡೆ ತಿರುಗಿ, “ಬೇಡಣ್ಣ, ಹಾಗೇ ಹಾಡ್ತೀನಿ” ಎಂದಳು. ಕೈಗಳನ್ನು ಮಡಿಲ ಹತ್ತಿರ ತಂದು ಒಂದರ ಮೇಲೊಂದಿಟ್ಟು ತಗ್ಗಿದ ದನಿಯಲ್ಲಿ ಶುರು ಮಾಡಿದಳು. ನೀರು ಕಾದಿದೆ, ಏಳು. ಆಮೇಲೆ ಕಾದಳು. ಬಿಸಿಲು ಬಂದಿದೆ, ಏಳು. ಮತ್ತೆ ಕಾದಳು. ನಗುವಿಗಾಗಿ ಕಾಯುವ ಅರೆಕ್ಷಣವಲ್ಲ ಅದು. ಎದುರಿಗೆ ನೆಲದ ಮೇಲೆ ಯಾರೋ ಮಲಗಿದ್ದಾರೆ, ಅವರು ಏಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೊಡುತ್ತಿದ್ದಾಳೆ. ನಿರ್ದೇಶಕಿಯ ಕಣ್ಣು ತಾನಾಗಿ ಆ ನೆಲದ ಕಡೆ ಹೋಯಿತು. ಹಿಂದಿನ ಸಾಲಿನಲ್ಲಿ ಖಾಲಿ ಕುರ್ಚಿಯೊಂದು ಲಟಕ್ಕೆಂದಿತು, ಯಾರೋ ಎದ್ದ ಹಾಗೆ. ಯಾರೂ ತಿರುಗಿ ನೋಡಲಿಲ್ಲ. ಮೇಷ್ಟ್ರಿಗೆ ಮತ್ತೆ ಎಂಟು ವರ್ಷ. ಬಾಗಿಲ ಮರೆಯಲ್ಲಿ ನಿಂತಿದ್ದಾರೆ. ಒಳಗೆ ಅಪ್ಪನನ್ನು ನೆಲದ ಮೇಲೆ ಮಲಗಿಸಿದ್ದಾರೆ, ಹಂಡೆಯಿಂದ ಹಬೆ ಏಳುತ್ತಿದೆ, ತಾಯಿ ಒದ್ದೆ ಬಟ್ಟೆ ಹಿಂಡುತ್ತ ಅಪ್ಪನ ಎದೆ ಒರೆಸುತ್ತ ಹೇಳುತ್ತಿದ್ದಾಳೆ, ಏಳು. ಅಪ್ಪ ಏಳುವುದಿಲ್ಲ. ತಾಯಿ ಕಾಯುತ್ತಾಳೆ. ಆದರೆ ಅವಳ ಬಾಯಿಂದ ದನಿ ಬರಲೊಲ್ಲದು; ಲಾಂಡ್ರಿ ಹುಡುಗಿಯ ದನಿಯೇ ಅಲ್ಲಿಗೂ ಹೋಗಿ ಆ ತುಟಿಗಳ ಮೇಲೆ ಕೂತಿತು.

“ಇದೇನಮ್ಮ, ಇಷ್ಟು ನಿಧಾನ?” ನಿರ್ದೇಶಕಿ ಗಂಟಲು ಸರಿಮಾಡಿಕೊಂಡಳು. “ಇದು ತಮಾಷೆ ಹಾಡಲ್ವಾ?”

“ನಮ್ಮಲ್ಲಿ ಸಾವಾದ ಮನೇಲಿ ಹಾಡೋದು ಮೇಡಂ. ಮೈ ತೊಳೆಯೋವಾಗ.” ಹುಡುಗಿ ಮುಂದುವರಿದು, “ನಾಟಕ ನಾನೂ ನೋಡಿದೀನಿ. ನಮ್ಮಮ್ಮ ಅರ್ಧಕ್ಕೇ ಎದ್ದು ಬಂದ್ಬಿಟ್ರು. ಆ ಜನ ಎಲ್ಲ ಒಟ್ಟಿಗೆ ಏಳು ಏಳು ಅಂತ ಕೂಗಿದ್ರಲ್ಲ, ಅದಕ್ಕೇ” ಎಂದಳು.

ನಿರ್ದೇಶಕಿ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಕಾಗದವನ್ನು ನೋಡಿದರು. ‘ಸೊಸೆ’ ಇನ್ನೂ ಹೊಸ ನಾಟಕವಾಗಿದ್ದ ಕಾಲದಲ್ಲಿ, ಕಣಿವೆಯ ಹಾಡೊಂದು ಬೇಕೆಂದಾಗ ಹಾಡಿ ತೋರಿಸಿದವರು ಅವರೇ, ಕಂಪನಿಯ ಮಾಲೀಕ ಸ್ವಲ್ಪ ಬೇಗ ಬೇಗ ಅಂದಾಗ ಬೇಗ ಮಾಡಿದವರೂ ಅವರೇ. ಸೌಟು ಮಾತ್ರ ಬೇರೆಯವರ ಬುದ್ಧಿ. ಮೊದಲ ದಿನ ಜನ ನಕ್ಕಾಗ ಅವರೂ ಪಡದೆಯ ಮರೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗು ನಿಲ್ಲಿಸಲಾಗದೆ ಯಾರೋ ನೀರು ತಂದು ಕುಡಿಸಿದ್ದರು.

“ಒಂದು ಲೋಟ ಚಹಾ ಕುಡಿದು ಬನ್ನಿ ಎಲ್ಲ,” ಎಂದಳು ನಿರ್ದೇಶಕಿ. “ಮೇಷ್ಟ್ರೇ, ಅಷ್ಟರಲ್ಲಿ ನಿಮ್ಮ ಅಭಿಪ್ರಾಯ ಬರೆದಿಡಿ. ಹೂಂ ಅಥವಾ ಇಲ್ಲ. ಇವತ್ತೇ ಕಳಿಸ್ಬೇಕು.”

ಮಗಳು ಬಾಗಿಲ ಹತ್ತಿರ ಮೇಳದ ಹುಡುಗಿಯರ ಜೊತೆ ನಿಂತಿದ್ದಳು. ತಂದೆಯನ್ನು ನೋಡಿ ನಗಲಿಲ್ಲ, ಹುಬ್ಬನ್ನು ಮಾತ್ರ ಒಂದಿಷ್ಟು ಎತ್ತಿದಳು. ಅವಳ ತಾಯಿಯದೂ ಅದೇ ಅಭ್ಯಾಸ. ಮೇಷ್ಟ್ರು ಯಾರಿಗೂ ಮುಖ ಕೊಡದೆ ಬಣ್ಣದ ಕೋಣೆಗೆ ಹೋಗಿ ಕೂತರು. ಉದ್ದಕ್ಕೂ ಕನ್ನಡಿ, ಕನ್ನಡಿಯ ಮುಂದೆ ಡಬ್ಬಿಗಳು. ಇಲ್ಲ ಎಂದು ಬರೆದರೆ ಮುಗಿಯಿತು. ಅದರಲ್ಲಿ ಸುಳ್ಳಾದರೂ ಏನಿದೆ? ಹುಡುಗಿಯ ಮಾತು ರಂಗಕ್ಕೆ ಒಗ್ಗುವುದಿಲ್ಲ, ಹಿಂದಿನ ಸಾಲಿಗೆ ಕೇಳಿಸುವುದೂ ಇಲ್ಲ. ಮಗಳು ಆರು ವರ್ಷ ಕಾದಿದ್ದಾಳೆ. ಅಲ್ಲದೆ, ಮಗಳೇನು ಪರಕೀಯಳೇ? ಕೆಂಪು ಶಾಯಿಯ ಸಾಲಿಗೆ ಮಗಳೂ ಹೊಂದುತ್ತಾಳೆ. ತನ್ನ ರಕ್ತ. ಬಾಯಿಬಿಟ್ಟು ಹೇಳಿಬಿಟ್ಟರೆ ಯಾರಿಗೂ ಮೋಸವಿಲ್ಲ, ಯಾವ ಸುಳ್ಳೂ ಇಲ್ಲ, ಪಾತ್ರ ಅವಳದೇ. ಅಷ್ಟು ಸುಲಭವೆನ್ನಿಸಿ ಮೇಷ್ಟ್ರಿಗೆ ನಗು ಬಂತು. ತಲೆಯೆತ್ತಿದರೆ ಕನ್ನಡಿಯಲ್ಲಿ ಇಬ್ಬರಿದ್ದರು. ಲಾಂಡ್ರಿ ಹುಡುಗಿ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಳು.

“ಇದನ್ನ ತೊಳೆಯೋದೆಲ್ಲಿ ದೊಡ್ಡಯ್ಯ?”

ದೊಡ್ಡಯ್ಯ. ಊರಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಮೇಷ್ಟ್ರು ಮೂಲೆಯ ನಲ್ಲಿಯನ್ನು ತೋರಿಸಿದರು. ಅವಳು ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಕೇಳಿದಳು, “ನೀವು ಯಾರ ಪೈಕಿ? ಮೇಲಿನ ಕಣಿವೇನಾ, ಕೆಳಗಿನದಾ?”

“ನಾನು ಊರಿನವನಮ್ಮ,” ಎಂದರು ಮೇಷ್ಟ್ರು. “ಇಲ್ಲೇ ಹುಟ್ಟಿ ಬೆಳೆದೋನು.”

ನಲ್ಲಿ ನಿಂತಿತು. “ಹಾಡೋವಾಗ ನಿಮ್ಮ ಮುಖ ನೋಡ್ತಿದ್ದೆ. ಅದಕ್ಕೆ ಕೇಳಿದೆ,” ಎಂದಳು ಹುಡುಗಿ. “ನಮ್ಮ ಹಾಡು ನಿಮಗೆ ಗೊತ್ತಿತ್ತಲ್ವಾ, ಸಾವಿನದು ಅಂತ?” ಮೇಷ್ಟ್ರು ಇಲ್ಲ ಎನ್ನಲು ಬಾಯಿ ತೆರೆದರು. ಬದಲಿಗೆ ಉಸಿರು ಒಳಕ್ಕೆ ಹೋಯಿತು, ಸಣ್ಣಗೆ, ಹಲ್ಲಿನ ಸಂದಿಯಿಂದ, ಮೂವತ್ತು ವರ್ಷ ಬೀಗ ಹಾಕಿಟ್ಟಿದ್ದದ್ದು. ನಟಿಯರಿಗೆ ಅವರು ಕಲಿಸಿದ್ದು ಇದನ್ನಲ್ಲ. ಕೊನೆಯ ಸಾಲಿಗೂ ಕೇಳಿಸುವಂತೆ ಹೀರುವ ಸದ್ದನ್ನು ಕಲಿಸಿದ್ದರು. ಇದು ಎದುರಿಗಿದ್ದವರಿಗೆ ಮಾತ್ರ ಕೇಳಿಸುವಂಥದು. ಕನ್ನಡಿಯಲ್ಲಿ ಹುಡುಗಿಯ ಕಣ್ಣು ಒಂದು ಗಳಿಗೆ ಅವರ ಕಣ್ಣಿನಲ್ಲಿ ನಿಂತಿತು. ಅವಳು ಲೋಟವನ್ನು ಸೆರಗಿನಿಂದ ಒರೆಸಿ, ಮಗುಚಿಟ್ಟು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದಳು. ಬಾಗಿಲನ್ನು ಅಷ್ಟು ಮೆಲ್ಲಗೆ ಮುಚ್ಚಿದ್ದನ್ನೇ ಮೇಷ್ಟ್ರಿಗೆ ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹಜಾರಕ್ಕೆ ವಾಪಸು ಬಂದಾಗ ಎಲ್ಲರೂ ಕೂತಿದ್ದರು. ನಿರ್ದೇಶಕಿ ಕೈ ಚಾಚಿದಳು. ಕಾಗದದಲ್ಲಿ ಅಭಿಪ್ರಾಯದ ಜಾಗ ಖಾಲಿಯಿತ್ತು.

“ಮೇಡಂ, ಒಂದು ಮಾತು,” ಎಂದರು ಮೇಷ್ಟ್ರು. ನಿಂತೇ ಇದ್ದರು. “ನಾನು ಕಣಿವೆಯೋನು. ನಮ್ಮಮ್ಮ ಅಪ್ಪ ಇಬ್ಬರೂ ಅಲ್ಲಿಯೋರು. ನನ್ನ ಮಗಳೂ... ಅವಳಿಗೆ ಗೊತ್ತಿಲ್ಲ. ಇದುವರೆಗೆ ಯಾರಿಗೂ ಹೇಳಿಲ್ಲ.”

ಮೇಷ್ಟ್ರಿಗೆ ಮೈಯೆಲ್ಲ ಹಗುರಾದಂತೆ, ಈಗ ಏನಾದರೂ ಆಗಲಿ ಎಂಬಂತೆ ಆಯಿತು. ಮಗಳಿಗಾಗಿ ಹೇಳಿದೆನೋ, ತಾಯಿಗಾಗಿಯೋ, ಆ ಬಾಗಿಲನ್ನು ಮೆಲ್ಲಗೆ ಮುಚ್ಚಿದವಳಿಗಾಗಿಯೋ ಅವರಿಗೇ ತಿಳಿಯಲಿಲ್ಲ. ಆಮೇಲೆ ಪಿಯಾನೋದವನು ಕಿಸಕ್ಕೆಂದ. ಬಾಗಿಲ ಹತ್ತಿರದ ಹುಡುಗಿಯರಲ್ಲಿ ಯಾರೋ, “ಮಗಳಿಗೋಸ್ಕರ ಮೇಷ್ಟ್ರೇ ಪಾತ್ರ ಕಟ್ಟಿಬಿಟ್ರಲ್ಲೇ” ಎಂದಳು. ನಿರ್ದೇಶಕಿ ಮಾತ್ರ ನಗಲಿಲ್ಲ, ಸುಸ್ತಾದವಳಂತೆ ಹಣೆ ಒತ್ತಿಕೊಂಡಳು.

“ಮೇಷ್ಟ್ರೇ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದರೆ ನಾನು ಆಕೆಗೆ ಏನಂತ ಬರೀಲಿ? ನಮ್ಮನೆ ಕೆಲಸದವಳ ಹತ್ರ ಮಾತು ಕಲಿತೆ ಅಂತ ನೀವೇ ನೂರು ಸಲ ಹೇಳಿದೀರಿ.”

“ಅದು ಸುಳ್ಳು. ಅವಳು ನಮ್ಮಮ್ಮ.”

“ಸರಿ. ಹಾಗಾದ್ರೆ ಆ ಹಾಡು ನೀವು ಹಾಡಿ, ನೋಡೋಣ. ಆ ಹುಡುಗಿ ಹಾಡಿದ ಥರ.”

ಮೇಷ್ಟ್ರು ಕೈಗಳನ್ನು ಒಂದರ ಮೇಲೊಂದಿಟ್ಟುಕೊಂಡರು. ಹಂಡೆಯ ಹಬೆಯನ್ನು ನೆನೆದರು, ಅಪ್ಪನ ಎದೆಯ ಮೇಲಿನ ಒದ್ದೆ ಬಟ್ಟೆಯನ್ನು ನೆನೆದರು. ನೀರು ಕಾದಿದೆ ಎಂದು ಮೊದಲು ಮಾಡಿದರು, ಮೆಲ್ಲಗೆ, ಸರಿಯಾಗಿಯೇ ಬಂತು. ಆದರೆ ಇಪ್ಪತ್ತು ವರ್ಷದಿಂದ ಮೇಷ್ಟ್ರು ಬಾಯಿ ತೆರೆದ ಕೂಡಲೇ ಬೆರಳು ಆಡಿಸಿ ರೂಢಿಯಾದ ಪಿಯಾನೋದವನು, ಪಾಪ, ಮುದುಕರಿಗೆ ನೆರವಾಗಲಿ ಎಂದು ತಾಳ ಹಿಡಿದುಬಿಟ್ಟ. ಟಣಟಣ ಟಣಟಣ. ಬೇಡ ಎಂದು ಕೈಸನ್ನೆ ಮಾಡಬೇಕೆಂದುಕೊಂಡರು. ಕೈ ಮೇಲೆದ್ದಿತು, ಆದರೆ ಸೌಟು ಹಿಡಿದ ಕೈಯ ಹಾಗೆ ಎದ್ದಿತು. ಗಂಟಲು ತಾಳದ ಬೆನ್ನು ಹತ್ತಿತು. ಏಳುಉಉ ಎಂದು ಮೂಗಿನಿಂದ ಹೊರಟಿತು, ಅರೆಕ್ಷಣ ಕಾಯಿತು. ನಾಲ್ಕನೆಯ ಸಲಕ್ಕೆ ಬಾಗಿಲ ಹತ್ತಿರದ ಹುಡುಗಿಯರು ರೂಢಿಯಂತೆ ‘ಏಳು!’ ಎಂದು ಕೂಗಿದರು. ಒಳಗೆ ಎಲ್ಲೋ ಬಹಳ ಹಿಂದೆ ಮೇಷ್ಟ್ರು ನಿಲ್ಲು ನಿಲ್ಲು ಎನ್ನುತ್ತಿದ್ದರು, ಎದುರಿಗೆ ಅವರ ಬಾಯಿ ಹಾಡುತ್ತಲೇ ಇತ್ತು. ಎರಡು ಚರಣ ಹಾಡಿ ಮುಗಿಸಿಯೇ ಅದು ಮುಚ್ಚಿಕೊಂಡಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ನಿರ್ದೇಶಕಿ ಲಾಂಡ್ರಿ ಹುಡುಗಿಯ ಕಡೆ ತಿರುಗಿದಳು. “ನೀನೇ ಹೇಳಮ್ಮ. ಇವರು ನಿಮ್ಮವರಾ?”

ಹುಡುಗಿ ನೆಲ ನೋಡುತ್ತಿದ್ದಳು. ಅವಳಿಗೂ ಪಾತ್ರ ಬೇಕಾಗಿತ್ತು. ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದಳು. “ಆಗಲೇ ಒಳಗೆ ನಾನೇ ಕೇಳಿದೆ ಮೇಡಂ,” ಎಂದಳು ಕಡೆಗೆ. “ಇಲ್ಲ, ಊರಿನವನು ಅಂದ್ರು.” ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮಗಳು ಅಷ್ಟು ಹೊತ್ತಿಗೆ ಹತ್ತಿರ ಬಂದಿದ್ದಳು. ಕಣ್ಣು ಕೆಂಪಗಾಗಿತ್ತು. ತಂದೆಯ ತೋಳು ಹಿಡಿದು, ಪಕ್ಕದವರಿಗೆ ಕೇಳಿಸದಂತೆ, “ಅಪ್ಪಾ, ನನಗೋಸ್ಕರ ಅಂತ ಇಷ್ಟು ಕೆಳಗಿಳೀಬೇಕಿತ್ತಾ? ಕೆಲಸದವಳನ್ನ ತಂದು ನಮ್ಮಜ್ಜಿ ಮಾಡಿಬಿಟ್ರಲ್ಲ. ಒಂದು ಸಲ ನನ್ನ ಕೇಳಿದ್ರೆ ಬೇಡ ಅಂತಿದ್ದೆ,” ಎಂದಳು. ಆಮೇಲೆ ಲಾಂಡ್ರಿ ಹುಡುಗಿಯ ಮುಂದೆ ಹೋಗಿ ನಿಂತು ಗಟ್ಟಿಯಾಗಿಯೇ ಹೇಳಿದಳು: “ನಮ್ಮಪ್ಪ ಕೆಟ್ಟವರಲ್ಲ. ಮಗಳ ಮೇಲಿನ ಆಸೆಗೆ ಹಾಗಂದ್ರು. ನಿಮ್ಮ ಜನಕ್ಕೆ ಅವಮಾನ ಆಗಿದ್ರೆ ನಾನು ಕ್ಷಮೆ ಕೇಳ್ತೀನಿ.” ಎಷ್ಟು ನೆಟ್ಟಗೆ ಬೆಳೆದಿದ್ದಾಳೆ ಎಂದು ಮೇಷ್ಟ್ರಿಗೆ ಹೆಮ್ಮೆಯಾಯಿತು, ಅದೇ ಹೊತ್ತಿಗೆ ಅವಳ ಮುಖ ನೋಡಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

ಮುಂದಿನದೆಲ್ಲ ಬೇಗ ಬೇಗ ಆಯಿತು. ಪಾತ್ರ ಲಾಂಡ್ರಿ ಹುಡುಗಿಗೆ. ಅಡ್ಡಗೆರೆ ಹಾಕಿದ ಹೆಸರುಗಳ ಕೆಳಗೆ ಅವಳ ಹೆಸರು ಬರೆದು ಮೇಷ್ಟ್ರು ರುಜು ಮಾಡಿದರು. ನಿರ್ದೇಶಕಿಗೆ ಆ ನಿಧಾನದ ಹಾಡು ತಲೆಯೊಳಗೆ ಹೊಕ್ಕುಬಿಟ್ಟಿತ್ತು. ನಾಟಕವನ್ನೇ ಆ ದಾರಿಗೆ ತಿರುಗಿಸಬೇಕು, ಮೇಳದವರೆಲ್ಲ ಹಾಗೇ ಹಾಡಬೇಕು, ಅದನ್ನು ಹುಡುಗಿಯೇ ಕಲಿಸಲಿ, ಶುಭಸ್ಯ ಶೀಘ್ರಂ, ಈಗಲೇ ಒಂದು ಸಾಲು ಆಗಲಿ ಎಂದಳು. “ಮೇಷ್ಟ್ರೇ, ನೀವೂ ಕೂತು ಕಲೀರಿ. ಇನ್ನು ಮುಂದೆ ನೀವೇ ತಿದ್ದಬೇಕಲ್ಲ.” ಅದರಲ್ಲಿ ಕುಹಕವೇನೂ ಇರಲಿಲ್ಲ. ಕುರ್ಚಿಗಳನ್ನು ಅರ್ಧಚಂದ್ರವಾಗಿ ಹಾಕಿದರು. ಹುಡುಗಿ ನಡುವೆ ನಿಂತು ಒಂದು ಸಾಲು ಹೇಳುವಳು, ಒಬ್ಬೊಬ್ಬರಾಗಿ ಅದನ್ನೇ ತಿರುಗಿ ಹೇಳುವರು, ಅವಳು ಸಂಕೋಚದಿಂದ ತಿದ್ದುವಳು. “ಎಳೀಬೇಡಿ ಅಕ್ಕ. ಬಿಟ್ಟುಬಿಡಿ, ತಾನಾಗಿ ನಿಲ್ಲುತ್ತೆ.” ಮೇಷ್ಟ್ರ ಸರದಿ ಬಂದಾಗ ಅವರು ಮೂರು ಸಲ ಹೇಳಿದರು. ಮೂರು ಸಲವೂ ಹುಡುಗಿ, “ಹಾಗಲ್ಲ ದೊಡ್ಡಯ್ಯ,” ಎಂದಳು, ಆಮೇಲೆ ಪಕ್ಕದವಳ ಕಡೆ ಹೋದಳು.

ಪಕ್ಕದವಳು ಮಗಳು. ಅವಳ ಮುಖ ಇನ್ನೂ ಬಾಡಿತ್ತು, ಕಲಿಯುವ ಮನಸ್ಸಿರಲಿಲ್ಲ. ಎಲ್ಲೋ ನೋಡುತ್ತ, ಮುಗಿಸಿಬಿಡೋಣ ಎಂಬಂತೆ ಹಾಡಿದಳು. ನೀರು ಕಾದಿದೆ, ಏಳು. ಆಮೇಲೆ ಕಾದಳು. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ ಹೊತ್ತು ಕಾದಳು. ಬಿಸಿಲು ಬಂದಿದೆ, ಏಳು. ಮೇಷ್ಟ್ರ ತೋಳಿನ ಕೂದಲು ನೆಟ್ಟಗಾಯಿತು. ದನಿ ಲಾಂಡ್ರಿ ಹುಡುಗಿಯದಲ್ಲ, ಯಾವ ನಟಿಯದೂ ಅಲ್ಲ. ಬೆಳಗಿನಿಂದ ಎಲ್ಲಿ ಹುಡುಕಿದರೂ ಸಿಗದಿದ್ದ ತಾಯಿಯ ದನಿ ಪಕ್ಕದ ಕುರ್ಚಿಯಲ್ಲಿ, ಒಂದು ಗೇಣು ದೂರದಲ್ಲಿ, ಅವರ ಮಗಳ ಗಂಟಲಿನಲ್ಲಿ ಕೂತು ಯಾರನ್ನೋ ಏಳು ಎನ್ನುತ್ತಿತ್ತು. ಮಗಳಿಗೆ ಎರಡು ವರ್ಷ ತುಂಬುವ ಮೊದಲು ಜ್ವರ ಬಂದು ವಾರ ಪೂರ್ತಿ ಕಣ್ಣು ತೆರೆಯದೆ ಮಲಗಿದ್ದಳು. ಡಾಕ್ಟರು ಕೈಚೆಲ್ಲಿದ ಮಧ್ಯಾಹ್ನ ಹೆಂಡತಿ ಗೋಡೆಗೊರಗಿ ನಿದ್ದೆ ಹೋಗಿದ್ದಾಗ ಮೇಷ್ಟ್ರು ಆ ಪುಟ್ಟ ಎದೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಒಂದೇ ಒಂದು ಸಲ ಹಾಡಿದ್ದರು, ತಾಯಿ ಹಾಡಿದ ಹಾಗೆ, ಕಾದು ಕಾದು. ಸಂಜೆಯ ಹೊತ್ತಿಗೆ ಮಗು ಎದ್ದು ಕೂತಿತ್ತು. ಮೇಷ್ಟ್ರಿಗೆ ಅದು ಇಷ್ಟು ವರ್ಷ ನೆನಪಿಗೇ ಬಂದಿರಲಿಲ್ಲ.

ಹಾಡು ನಿಂತಿತು. ಲಾಂಡ್ರಿ ಹುಡುಗಿ ಮಗಳನ್ನು ನೋಡಲಿಲ್ಲ. ಮೇಷ್ಟ್ರನ್ನೇ ನೋಡಿದಳು, ಅವಳ ಮುಖದಿಂದ ರಕ್ತ ಇಳಿದುಹೋಗಿತ್ತು.

“ಯಾಕೆ, ತಪ್ಪಾಯ್ತಾ?” ಎಂದಳು ಮಗಳು.

“ಇಲ್ಲಕ್ಕ,” ಎಂದಳು ಹುಡುಗಿ. “ಸರಿಯಾಗಿದೆ.”

ಮಗಳ ಮುಖ ಬೆಳಗಿನಿಂದ ಮೊದಲ ಸಲ ಅರಳಿತು. ಸಿಟ್ಟೆಲ್ಲ ಮರೆತು, ತಂದೆಯ ಭುಜಕ್ಕೆ ಭುಜ ತಾಗಿಸಿ ಚೇಷ್ಟೆಯಿಂದ ನಕ್ಕಳು. “ನೋಡಿದ್ರಾ ಅಪ್ಪಾ? ಇವರು ಹೇಳಿಕೊಟ್ರೆ ಒಂದೇ ಸಲಕ್ಕೆ ಬಂತು. ನೀವು ಇಷ್ಟು ವರ್ಷ ನನಗೆ ಏನು ಕಲಿಸ್ತಿದ್ರಿ?”

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.